ಪದ್ಮಾಳ ಕೋಣೆಯ ರಿಲೇ

ಬಾಲಕೃಷ್ಣ ಮೈಸೂರಿನಲ್ಲಿ ಐಟಿಐ ಮುಗಿಸಿದವನು. ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ಏಸಿ ಕೂರಿಸಿದ. ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲೂ ಅದನ್ನೇ ಮಾಡಿದ. ಹೆಂಡತಿ ಪದ್ಮಾಳಿಗೆ ಅಡಿಲೇಡ್‌ನಲ್ಲಿ ನರ್ಸ್ ಕೆಲಸ ಸಿಕ್ಕಾಗ ಇಲ್ಲಿಗೆ ಬಂದು ಬಾಯ್ಲರ್ ಕೆಲಸ ಹಿಡಿದ. ಇಲ್ಲಿನ ಗುಡ್ಡದ ಮೇಲಿನ ಹಳೇ ಮನೆಗಳಲ್ಲಿ ಬಾಯ್ಲರ್‌ನ ಬಿಸಿನೀರು ಪೈಪಿನಲ್ಲಿ ಹರಿದು ಒಂದೊಂದು ಕೋಣೆಯನ್ನೂ ಬೇರೆಬೇರೆಯಾಗಿ ಬೆಚ್ಚಗಿಡುತ್ತದೆ. ಅಂಥದೇ ಒಂದು ಮನೆಯನ್ನು ಪದ್ಮಾ ಹಟ ಹಿಡಿದು ಕೊಳ್ಳಿಸಿದ್ದಳು. "ಕೆಟ್ರೆ ನೀನೇ ಇದೀಯಲ್ಲ," ಎಂದಿದ್ದಳು.

ಮೇ ತಿಂಗಳಲ್ಲಿ ಅವಳು ಆ ಮನೆಯ ಮಲಗುವ ಕೋಣೆಯಲ್ಲೇ ತೀರಿಕೊಂಡಳು. ಕ್ಯಾನ್ಸರ್. ಮಗಳನ್ನು ನೋಡಿಕೊಳ್ಳಲು ಬಂದಿದ್ದ ತಾಯಿ ಪಾರ್ವತಮ್ಮ ವೈಕುಂಠ ಸಮಾರಾಧನೆ ಮುಗಿದರೂ ಊರಿಗೆ ಹೊರಡಲಿಲ್ಲ. ಮಗಳ ಕೋಣೆಯಲ್ಲೇ ಮಲಗಿದರು. ಬಾಲಕೃಷ್ಣ ಹಾಲ್‌ನ ಸೋಫಾ ಹಿಡಿದ. ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಅವನ ಬಟ್ಟೆಯನ್ನೂ ಅತ್ತೆಯೇ ತಂದು ಕೊಡುತ್ತಿದ್ದರು.

ಜೂನ್‌ನಲ್ಲಿ ಇಲ್ಲಿನ ಚಳಿಗಾಲ ಶುರುವಾಯಿತು. ಮನೆಯೆಲ್ಲ ಬೆಚ್ಚಗಾಯಿತು, ಪದ್ಮಾಳ ಕೋಣೆ ಮಾತ್ರ ಆಗಲಿಲ್ಲ. ಪಾರ್ವತಮ್ಮ ಕೆಮ್ಮತೊಡಗಿದರು. ಎದೆ ಹುಷಾರು, ಬೆಚ್ಚಗಿರಬೇಕು ಎಂದು ಡಾಕ್ಟರ್ ಹೇಳಿ ಕಳಿಸಿದರು.

"ಹಾಲ್‌ನಲ್ಲಿ ಮಲಗಿ ಅತ್ತೆ."

"ನನ್ ಮಗಳ ಕೋಣೆ ಬಿಟ್ಟು ಬರಲ್ಲ." ಅವರು ಮಂಕಿ ಟೋಪಿಯೊಳಗಿಂದಲೇ ಅವನನ್ನು ನೋಡಿದರು. "ಊರೋರ ಮನೆಯೆಲ್ಲ ಬೆಚ್ಚಗ್ ಮಾಡಿ ಬರ್ತೀರಿ. ನಿಮ್ಮನೇಲಿ ಮುದುಕಿ ಹೆಪ್ಪುಗಟ್ಲಿ ಅಂತಲೋ?"

"ಮಾಡ್ತೀನಿ."

ಬಟ್ಟೆ ಒಗೆಯುವ ಕೋಣೆ, ಲಾಂಡ್ರಿಯ ಗೋಡೆಯಲ್ಲಿ ರಿಲೇ ಪೆಟ್ಟಿಗೆಯಿತ್ತು. ಕೋಣೆ ತಣ್ಣಗಾದರೆ ಅಲ್ಲಿನ ಗೋಡೆಯಲ್ಲಿ ಬಿಸಿ ಅಳೆಯುವ ಥರ್ಮೋಸ್ಟಾಟ್ ಬಿಸಿ ಕೇಳುತ್ತದೆ, ಇಲ್ಲಿ ರಿಲೇ ಎಂಬ ಸ್ವಿಚ್ಚು ಟಕ್ಕೆನ್ನುತ್ತದೆ, ವಾಲ್ವ್ ತೆರೆದು ನೀರು ಹರಿಯುತ್ತದೆ. ಪದ್ಮಾಳ ಕೋಣೆಯ ರಿಲೇಯಿಂದ ಟಕ್ಕೆನ್ನುವ ಸದ್ದೇ ಇರಲಿಲ್ಲ. ಬಾಲಕೃಷ್ಣ ರಿಲೇ ಬದಲಿಸಿದ. ಸದ್ದಿಲ್ಲ. ಮತ್ತೊಂದು ತಂದು ಹಾಕಿದ. ಅದೂ ಅಷ್ಟೇ. ವಾಲ್ವಿನ ಮೋಟಾರನ್ನೂ ಬದಲಿಸಿದ. ಬೇರೆಯವರ ಮನೆಯಾಗಿದ್ದರೆ ಮೊದಲು ಥರ್ಮೋಸ್ಟಾಟ್ ನೋಡುತ್ತಿದ್ದ. ಇಲ್ಲಿ ಅದು ಪದ್ಮಾಳ ಕೋಣೆಯಲ್ಲಿತ್ತು.

ಭಾನುವಾರ ಬೆಳಿಗ್ಗೆ ಒಳಗಿನಿಂದ ಕೆಮ್ಮು ನಿಲ್ಲಲೇ ಇಲ್ಲ. ಅವನು ಪೆಟ್ಟಿಗೆ ತೆರೆದು, ಥರ್ಮೋಸ್ಟಾಟ್‌ನಿಂದ ಬಂದ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದ. ಟಕ್. ವಾಲ್ವ್ ಗುಂಯ್ ಎಂದು ತೆರೆಯಿತು. ರಿಲೇ ಕೆಟ್ಟೇ ಇರಲಿಲ್ಲ. ಕೋಣೆಯೇ ಬಿಸಿ ಕೇಳುತ್ತಿರಲಿಲ್ಲ. ತಂತಿ ಹಾಗೇ ಸೇರಿಸಿಟ್ಟರೆ ಬಿಸಿ ನಿಲ್ಲುವುದೇ ಇಲ್ಲ; ಬಿಡಿಸಿದ.

ಲಾಂಡ್ರಿಯಲ್ಲಿ ಮಾಡುವ ಕೆಲಸ ಇನ್ನೇನೂ ಉಳಿದಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಕೋಣೆಯ ಬಾಗಿಲಿಗೆ ಹೋದ. ಸ್ವಲ್ಪ ಹೊತ್ತು ನಿಂತು ಒಳಗೆ ಬಂದ.

ಮಂಚದ ತಲೆಯ ಕಡೆ ಗೋಡೆಯಲ್ಲಿ ದೀಪ ಉರಿಯುತ್ತಿತ್ತು. ಪದ್ಮಾ ಹೋದ ದಿನ ಹಚ್ಚಿದ್ದು. ನೆಲದ ಮೇಲಿಟ್ಟರೆ ಕಾರ್ಪೆಟ್ ಹತ್ತಿಕೊಂಡೀತು ಎಂದು ಅವತ್ತು ಅವನೇ ಗೋಡೆಗೆ ಒಂದು ಹಲಗೆ ಹೊಡೆದಿದ್ದ. ಎಲ್ಲಿ ಹೊಡೆದೆ ಎಂದು ನೋಡಿರಲಿಲ್ಲ. ಪಾರ್ವತಮ್ಮ ಎಣ್ಣೆ ಹಾಕುತ್ತಾ ಅದನ್ನು ಆರಲು ಬಿಟ್ಟಿರಲಿಲ್ಲ. ಹಲಗೆಯ ನೇರ ಮೇಲೆ ಥರ್ಮೋಸ್ಟಾಟ್ ಇತ್ತು. ದೀಪದ ಝಳ ತಾಗಿ ತಾಗಿ, ಕೋಣೆ ಬೆಚ್ಚಗಿದೆ ಎಂದು ತೋರಿಸುತ್ತಿತ್ತು.

ಪಾರ್ವತಮ್ಮ ಅವನನ್ನೂ ಗೋಡೆಯನ್ನೂ ನೋಡಿದರು. "ದೀಪದಿಂದ್ಲಾ ಇದು?"

"ಹೂಂ."

"ತೆಗೀಬೇಕಾ?" ಅವರ ದನಿ ಇಳಿದಿತ್ತು.

ಬಾಲಕೃಷ್ಣ ಥರ್ಮೋಸ್ಟಾಟ್‌ಗೆ ಸ್ಕ್ರೂಡ್ರೈವರ್ ಇಟ್ಟ. "ಬೇಡ. ಅದಲ್ಲೇ ಇರ್ಲಿ."

ಥರ್ಮೋಸ್ಟಾಟ್ ಬಿಚ್ಚಿದ. ತಂತಿಗೆ ತಂತಿ ಸೇರಿಸಿ, ಎದುರು ಗೋಡೆಯವರೆಗೆ ಎಳೆದು, ಅಲ್ಲಿ ಕೂರಿಸಿದ. ಬಿಚ್ಚಿದ ಕಡೆ ತೂತು ಹಾಗೇ ಉಳಿಯಿತು. ಸ್ವಲ್ಪ ಹೊತ್ತಿಗೆ ಲಾಂಡ್ರಿಯಿಂದ ಟಕ್ ಎಂದು ಕೇಳಿಸಿತು.

"ಆಯ್ತಾ?"

"ಆಯ್ತು. ಬಿಸಿಯಾಗೋಕೆ ಹೊತ್ತು ಹಿಡಿಯುತ್ತೆ."

ಸಾಮಾನು ಎತ್ತಿಕೊಂಡು ಹೊರಡಬೇಕಿತ್ತು. ಹೊರಡಲಿಲ್ಲ. ನೆಲದ ಮೇಲೆ ಕೂತು, ಗೋಡೆಯಲ್ಲಿನ, ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್‌ಗೆ ಅಂಗೈ ಒತ್ತಿಟ್ಟ. ತಣ್ಣಗಿತ್ತು. ಕೈ ತೆಗೆಯಲಿಲ್ಲ. ಅಳು ಬರುತ್ತದೇನೋ ಎಂದುಕೊಂಡ. ಬರಲಿಲ್ಲ. ಕಬ್ಬಿಣ ಮೆಲ್ಲಗೆ ಉಗುರುಬೆಚ್ಚಗಾಯಿತು.

ಪಾರ್ವತಮ್ಮ ಟೋಪಿ ತೆಗೆದರು. ದೀಪಕ್ಕೆ ಎಣ್ಣೆ ಹಾಕಿದರು.

"ಉಪ್ಪಿಟ್ಟು ಮಾಡಿದೀನಿ. ಇಲ್ಲಿಗೇ ತರ್ಲಾ?"

"ತನ್ನಿ," ಎಂದ.