ಬಿದ್ದದ್ದು, ಬೀಳಿಸಿದ್ದು

ನನ್ನ ಕೈಯಿಂದ ಮೊದಲು ಬಿದ್ದದ್ದು ಡ್ರಿಲ್ ಮಿಷನ್. ಹಾಸನದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರು ಎಂದೂ ನಿಂತಿರಲಿಲ್ಲ, ಏಕೆಂದರೆ ನಮಗೆ ಕಾರು ಇರಲಿಲ್ಲ. ಒಂದು ಮೂಲೆಯಲ್ಲಿ ಸ್ಕೂಟರು, ಉಳಿದ ಜಾಗದಲ್ಲಿ ನನ್ನ ಮರಗೆಲಸ. ಹಗಲು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಬೀಳುವ ವಸ್ತುಗಳ ಬಗ್ಗೆ ಪಾಠ ಹೇಳಿಯೇ ಸಂಬಳ ತೆಗೆದುಕೊಳ್ಳುವವನು. ಆದರೂ ಏಣಿಯ ಮೇಲಿಟ್ಟ ಡ್ರಿಲ್ ಮಿಷನ್, ಏಣಿಯನ್ನು ಸರಿಸಿದರೆ ಬೀಳುತ್ತದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಸದ್ದು ಕೇಳಿ ಹೆಂಡತಿ ಅಡುಗೆಮನೆಯ ಕಿಟಕಿಯಿಂದ, "ಏನ್ರೀ ಅದು?" ಎಂದಳು.

"ಬಿತ್ತು" ಎಂದೆ.

"ಹೋಗ್ಲಿ ಬಿಡಿ, ಕಾಲ ಮೇಲೆ ಬೀಳಲಿಲ್ಲವಲ್ಲ."

ಆಮೇಲೆ ಹಲಗೆ ನಯ ಮಾಡುವ ಪ್ಲೇನರ್ ಬಿತ್ತು. ಅದರ ವೈರಿಗೆ ನನ್ನದೇ ಕಾಲು ಸಿಕ್ಕಿಕೊಂಡಿತ್ತು. ಬಿಲ್ಲೆ ತಿರುಗುವ ಕೈ ಗ್ರೈಂಡರ್ ಬಿದ್ದದ್ದಂತೂ ನನ್ನ ಕಣ್ಣೆದುರಿಗೇ. ಸ್ವಿಚ್ ಆರಿಸಿ, ಅದು ತಿರುಗುವುದು ನಿಲ್ಲುವ ಮೊದಲೇ ಮೇಜಿನ ಮೇಲಿಟ್ಟೆ. ಅದು ಗುರ್ ಎನ್ನುತ್ತಾ ಮೇಜಿನ ಅಂಚಿನವರೆಗೂ ತಾನೇ ನಡೆದುಕೊಂಡು ಹೋಗಿ ಕೆಳಗಿಳಿಯಿತು. ನಾನು ನೋಡುತ್ತಾ ನಿಂತಿದ್ದೆ.

ಇವುಗಳನ್ನೆಲ್ಲ ರಿಪೇರಿ ಮಾಡುವವನು ಸಾಲಗಾಮೆ ಕಡೆಯವನು. ಅವನ ಅಂಗಡಿಗೆ ಚೀಲ ಹಿಡಿದು ಹೋದರೆ ಸಾಕು, ಒಳಗೇನಿದೆ ಎಂದು ನೋಡುವ ಮೊದಲೇ ಕೇಳುತ್ತಾನೆ.

"ಏನ್ ಸಾ, ಮತ್ತೆ ಬಿತ್ತಾ?"

"ಬಿತ್ತು."

"ಎಂಗ್ ಬಿತ್ತು ಸಾ?"

"ಕೆಳಕ್ಕೆ."

ಅವನು ತಲೆಯಾಡಿಸಿ ಸ್ಕ್ರೂ ಬಿಚ್ಚಲು ಕೂರುತ್ತಾನೆ. ಇದೆಲ್ಲ ತಮಾಷೆಯಾಗಿಯೇ ಇತ್ತು, ಅವ್ವನ ಪಾತ್ರೆ ಉರುಳುವವರೆಗೆ.

ಅವ್ವ ಹೊಳೆನರಸೀಪುರದ ಕಡೆಯ ಬೇಸಾಯದ ಮನೆಯವಳು. ಈಗ ನಮ್ಮ ಜೊತೆ ಇದ್ದಾಳೆ. ಸಾರು, ಪಲ್ಯ, ಕಾಫಿ ಎಲ್ಲವನ್ನೂ ನನ್ನ ಹೆಂಡತಿಗೆ ಬಿಟ್ಟುಕೊಟ್ಟಳು. ಮುದ್ದೆಗೆ ರಾಗಿ ಹಿಟ್ಟು ತೊಳಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ಎಡಗೈಯಲ್ಲಿ ಕವೆಗೋಲಿನಿಂದ ಅದುಮಿ ಹಿಡಿದು, ಬಲಗೈಯಲ್ಲಿ ಕೋಲು ತಿರುವಿ ಮುದ್ದೆ ಕಟ್ಟಿದರೇ ಅವಳಿಗೆ ಅವತ್ತಿನ ದಿನ ಆದಂತೆ. ಈಚೆಗೆ ಅವಳ ಕೈ ನಡುಗುತ್ತಿತ್ತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಕೊಟ್ಟರು. ಮಾತ್ರೆ ನುಂಗುವಾಗಲೂ ಕೈ ನಡುಗಿತು.

ಒಂದು ಮಧ್ಯಾಹ್ನ ಕವೆಗೋಲು ಜಾರಿ ಪಾತ್ರೆ ಮಗುಚಿಕೊಂಡಿತು. ಕುದಿಯುವ ಹಿಟ್ಟು ಅವ್ವನ ಪಾದದ ಪಕ್ಕದಲ್ಲೇ ಬಿತ್ತು. ಪಾದದ ಮೇಲೇ ಬಿದ್ದಿದ್ದರೆ ಚರ್ಮ ಕಿತ್ತು ಬರುತ್ತಿತ್ತು. ನನ್ನ ಹೆಂಡತಿ ಕೆಟ್ಟವಳಲ್ಲ, ಅವತ್ತು ಹೆದರಿದ್ದಳು. "ಅತ್ತೆ, ಇನ್ಮೇಲೆ ನಾನೇ ಮಾಡ್ತೀನಿ. ನೀವು ಒಲೆ ಹತ್ರ ಬರ್ಬೇಡಿ" ಎಂದಳು. ಸಂಜೆ ಚನ್ನರಾಯಪಟ್ಟಣದ ತನ್ನ ಅಕ್ಕನಿಗೆ ಫೋನ್ ಮಾಡಿ, "ಅತ್ತೆ ಪಾತ್ರೆ ಬೀಳಿಸ್ಬಿಟ್ರು ಕಣಕ್ಕ" ಎಂದಳು. ಹಾಲಿನಲ್ಲಿ ಕೂತಿದ್ದ ಅವ್ವ ಅದನ್ನು ಕೇಳಿಸಿಕೊಂಡಳು.

ಕೇಳಿಸಿಕೊಂಡು ಸೀದಾ ಶೆಡ್ಡಿಗೆ ಬಂದು ಮೆಟ್ಟಿಲ ಮೇಲೆ ಕೂತಳು.

"ಅಲ್ಲ ಕಣ್ಲಾ, ನಿನ್ ಕೈಯಿಂದ ಜಾರುದ್ರೆ ಬಿತ್ತು. ನನ್ ಕೈಯಿಂದ ಜಾರುದ್ರೆ ಬೀಳಿಸ್ಬುಟ್ರು. ಯಾಕ್ಲಾ ಅಂಗೆ?"

ಭೌತಶಾಸ್ತ್ರದ ಪ್ರಕಾರ ಎರಡೂ ಒಂದೇ ರೀತಿ ಬೀಳುತ್ತವೆ.

"ಇಷ್ಟೊಂದ್ ಮಿಷನ್ ಒಡ್ದಾಕಿದೀಯ. ನಿನ್ ಕೈಯಿಂದ ಯಾರೂ ಏನೂ ಕಿತ್ಕಂಡಿಲ್ವಲ್ಲ" ಎಂದು ಸೇರಿಸಿದಳು. ಸಿಟ್ಟಿನಿಂದಲ್ಲ, ಸುಮ್ಮನೆ ಕಂಡದ್ದನ್ನು ಹೇಳುವ ಹಾಗೆ.

ಆ ರಾತ್ರಿ ಊಟವಾದ ಮೇಲೆ ಹೆಂಡತಿಯ ಜೊತೆ ಜಗಳವಾಡಿದೆ. ಅವಳು ನ್ಯಾಯವಾಗಿಯೇ ಮಾತಾಡಿದ್ದರಿಂದ ನನ್ನ ಸಿಟ್ಟು ಇನ್ನೂ ಏರಿತು. "ಪಾತ್ರೆ ಅಲ್ಲಾಡದ ಹಾಗೆ ಏನಾದ್ರೂ ಮಾಡ್ಕೊಡಿ, ಅತ್ತೆ ಮತ್ತೆ ಹಿಟ್ಟು ತೊಳಸ್ಲಿ. ಆದ್ರೆ ಅವರು ಇನ್ನೊಂದು ಸಲ ಏನಾದ್ರೂ ಬೀಳಿಸಿದ್ರು ಅಂದ್ರೆ ಮುಗೀತು. ಆಮೇಲೆ ನನ್ನ ಕೇಳ್ಬೇಡಿ" ಎಂದಳು.

ಮಾರನೆಯ ದಿನವೇ ಚನ್ನರಾಯಪಟ್ಟಣ ರಸ್ತೆಯ ಸಾಮಿಲ್ಲಿನಿಂದ ದಪ್ಪನೆಯ ಹಲಸಿನ ಹಲಗೆ ತಂದೆ. ಗಿಡ್ಡನೆಯ ನಾಲ್ಕು ಕಾಲಿನ ಒಂದು ಮಣೆ, ನಡುವೆ ಪಾತ್ರೆಯ ಅಡಿ ಅರ್ಧ ಇಳಿಯುವಷ್ಟು ಗುಂಡನೆಯ ಕಂಡಿ. ಪಾತ್ರೆಯನ್ನು ಅದರಲ್ಲಿ ಕೂರಿಸಿದರೆ ಮಗುಚುವ ಮಾತೇ ಇಲ್ಲ, ಕವೆಗೋಲೂ ಬೇಡ. ಕಂಡಿ ಕೊರೆಯಲು ಜಿಗ್ ಸಾ ಎಂಬ ಸಣ್ಣ ಗರಗಸದ ಮಿಷನ್ ಬೇಕು. ಅರ್ಧ ಸುತ್ತು ಕೊರೆದಿದ್ದೆ, ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಬ್ಯಾಂಕ್ ಲೋನ್ ಬೇಕಾ ಎಂದು ಯಾರೋ ಹುಡುಗಿ ಕೇಳಿದಳು. ಬೇಡ ಎಂದು ಹೇಳುವಷ್ಟರಲ್ಲಿ ಜಿಗ್ ಸಾ ಸಿಮೆಂಟಿನ ನೆಲದ ಮೇಲಿತ್ತು.

"ಇದೂ ಬಿತ್ತಾ ಸಾ?" ಎಂದ ರಿಪೇರಿಯವನು. ಅದರ ತಳದ ತಗಡು ಸೊಟ್ಟಗಾಗಿತ್ತು, ಹೊಸದು ಬೆಂಗಳೂರಿನಿಂದ ಬರಬೇಕಿತ್ತು.

ಅದು ಬರುವವರೆಗೆ ಅವ್ವ ದಿನಾ ಕೇಳುತ್ತಿದ್ದಳು. "ಆಯ್ತೇನ್ಲಾ?" "ಇಲ್ಲ ಕಣವ್ವ." ಹೆಂಡತಿ ಮಾಡಿದ ಮುದ್ದೆ ಉಣ್ಣುತ್ತಾ "ಚೆಂದಾಗೈತೆ ಕಣವ್ವ" ಎಂದು ಸೊಸೆಗೆ ಹೇಳುತ್ತಿದ್ದಳು. ಮುದ್ದೆ ನಿಜವಾಗಿಯೂ ಚೆನ್ನಾಗಿತ್ತು. ಅವಳು ಬೈದುಕೊಂಡು ಉಂಡಿದ್ದರೆ ಸಹಿಸುತ್ತಿದ್ದೆ, ಹೊಗಳಿದ್ದನ್ನು ಸಹಿಸಲಾಗಲಿಲ್ಲ. ನನ್ನ ಕೈಗೆ ಬೆಂಕಿ ಹಾಕ ಎಂದುಕೊಂಡೆ.

ಅಂತೂ ತಗಡು ಬಂತು, ಕಂಡಿಯಾಯಿತು, ಕಾಲು ಕೂತವು. ಒಂದು ಭಾನುವಾರ ಬೆಳಿಗ್ಗೆ ಮಣೆಗೆ ಉಜ್ಜುವ ಮಿಷನ್ ಹಿಡಿದಿದ್ದೆ. ಅಂಗೈಯಗಲದ ಮಿಷನ್, ಅಡಿಯಲ್ಲಿ ಮರಳು ಕಾಗದ, ಗುಂಯ್ ಎಂದು ನಡುಗುತ್ತಾ ಮರ ನುಣುಪು ಮಾಡುತ್ತದೆ. ಅವ್ವ ಎಂದಿನಂತೆ ಮೆಟ್ಟಿಲ ಮೇಲೆ ಕೂತಿದ್ದವಳು ಎದ್ದು ಬಂದಳು.

"ಕೊಡಿಲ್ಲಿ. ನಾನೂ ಒಸಿ ಉಜ್ತೀನಿ."

ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದಳು. ಮಿಷನ್ ಗುಂಯ್ ಎಂದಿತು, ಮೊಣಕೈವರೆಗೂ ಕೈ ಅದುರಿತು. ಅವ್ವ ತನ್ನ ಕೈ ನೋಡಿಕೊಂಡಳು, ನನ್ನನ್ನು ನೋಡಿದಳು, ನಕ್ಕಳು.

"ಇದ್ನ ಇಡ್ಕಂಡ್ರೆ ಎಲ್ರ ಕೈಯೂ ನಡುಗ್ತದೆ ಅಲ್ವೇನ್ಲಾ?"

"ಹೂಂ ಕಣವ್ವ."

ಕಂಡಿಯ ಅಂಚನ್ನು ಸುತ್ತಲೂ ಉಜ್ಜಿದಳು. ನನಗಿಂತ ಚೆನ್ನಾಗಿ ಅಂತ ಹೇಳಲಾರೆ, ನನ್ನಷ್ಟೇ ಉಜ್ಜಿದಳು. ಸಾಕಾದ ಮೇಲೆ ಸ್ವಿಚ್ ಆರಿಸಿದೆ. ಅವಳು ಅದನ್ನು ಒಂದು ಕೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು. ನಾನು ಹಿಡಿಯುವ ಮೊದಲೇ ಅದು ನೆಲ ಸೇರಿತು. ಪ್ಲಾಸ್ಟಿಕ್ ಮೈ ಎರಡು ಹೋಳಾಯಿತು, ಅಡಿಯ ಬಿಲ್ಲೆ ಉರುಳಿಕೊಂಡು ಸ್ಕೂಟರಿನ ಕೆಳಗೆ ಹೋಯಿತು.

ಹೆಂಡತಿ ಒದ್ದೆ ಕೈಯಲ್ಲೇ ಹಿಂಬಾಗಿಲಿನಿಂದ ಬಂದಳು. ಹೋಳುಗಳನ್ನು ನೋಡಿದಳು. ಅವ್ವನ ಮೊಣಕೈವರೆಗೂ ಮರದ ಪುಡಿ. ಅವ್ವ ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಯಾರು?" ಎಂದಳು ಹೆಂಡತಿ. ಅಷ್ಟು ಮಿಷನ್‌ಗಳು ಬಿದ್ದಾಗಲೂ ಅವಳು ಯಾರು ಎಂದು ಕೇಳಿರಲಿಲ್ಲ.

"ನಾನು ಬೀಳಿಸಿದೆ" ಎಂದೆ.

ಹೇಳಿದ ಕೂಡಲೇ ತಿಳಿಯಿತು, ಕೆಲಸ ಕೆಟ್ಟಿತು ಅಂತ. ನಾನೇ ಬೀಳಿಸಿದ್ದರೆ "ಬಿತ್ತು" ಎನ್ನುತ್ತಿದ್ದೆ. ಇಷ್ಟು ವರ್ಷ ನನ್ನ ಜೊತೆ ಬಾಳಿದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಅವ್ವ ಸೆರಗಿನಿಂದ ಕೈ ಹೊರಗೆ ತೆಗೆದಳು. ಅವು ನಡುಗುತ್ತಿದ್ದವು.

"ಅವ್ನು ಬೀಳಿಸ್ಲಿಲ್ಲ ಕಣವ್ವ. ನನ್ ಕೈಲಿತ್ತು" ಎಂದಳು. ಆಮೇಲೆ ಸ್ವಲ್ಪ ತಡೆದು, "ಬಿತ್ತು" ಎಂದಳು.

ಹೆಂಡತಿ ಬಗ್ಗಿ ಎರಡು ಹೋಳು ಎತ್ತಿಕೊಂಡು ಜೋಡಿಸಿ ನೋಡಿದಳು, ಕೂಡಲಿಲ್ಲ. ಮೇಜಿನ ಮೇಲಿಟ್ಟು, ಮಣೆಯ ಕಂಡಿಯ ಅಂಚಿನ ಸುತ್ತ ಒಮ್ಮೆ ಬೆರಳಾಡಿಸಿದಳು.

"ಅತ್ತೆ, ಕೈ ತೊಳ್ಕೊಳ್ಳಿ. ಎಸರಿಟ್ಟಿದ್ದೀನಿ" ಎಂದು ಒಳಗೆ ಹೋದಳು.

ಅವತ್ತು ಮಣೆಯನ್ನು ಅಡುಗೆಮನೆಗೆ ಹೊತ್ತವನು ನಾನು. ಅದನ್ನು ಬೀಳಿಸಲಿಲ್ಲ. ಪಾತ್ರೆ ಕಂಡಿಯಲ್ಲಿ ಗಟ್ಟಿಯಾಗಿ ಕೂತಿತು, ಅವ್ವ ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಿದಳು. ಹೆಂಡತಿ ಪಕ್ಕದಲ್ಲೇ ನಿಂತು ತನ್ನ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದಳು.

ಊಟಕ್ಕೆ ಕೂತೆವು. ಮೊದಲ ತುತ್ತಿಗೇ ಗಂಟು ಸಿಕ್ಕಿತು, ಒಳಗೆ ಹಸಿ ಹಿಟ್ಟು.

"ಗಂಟಾಗೈತೆ" ಎಂದಳು ಅವ್ವ, ಯಾರೂ ಬಾಯಿ ಬಿಡುವ ಮೊದಲೇ.

"ಆಗುತ್ತೆ ಬಿಡಿ ಅತ್ತೆ" ಎಂದಳು ಹೆಂಡತಿ, ನುಂಗಿಕೊಂಡು. ತಟ್ಟೆ ಮುಂದೆ ಚಾಚಿ, "ಇನ್ನರ್ಧ ಹಾಕಿ" ಎಂದಳು.

ಅವ್ವ ನಡುಗುವ ಕೈಯಲ್ಲೇ ಅರ್ಧ ಮುದ್ದೆ ಎತ್ತಿದಳು. ತಟ್ಟೆಗೇ ಬಿತ್ತು.