ಅಮ್ಮನ ಕಿಡ್ನಿಗೆ ಎರಡು ದಾರಿ

ವಿಮಾನ ನಿಲ್ದಾಣ ಬಂದ ಮೇಲೆ ದೊಡ್ಡಬಳ್ಳಾಪುರದಲ್ಲಿ ಎಲ್ಲರೂ ದಾರಿ ಹೇಳುವವರೇ ಆಗಿಬಿಟ್ಟರು. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ ನನ್ನ ಸೋದರಮಾವನಂತೂ ಡಾಕ್ಟರಿಗೂ ದಾರಿ ಹೇಳಿದ.

ಅಮ್ಮನ ಎಡಗಡೆಯ ಕಿಡ್ನಿಯಲ್ಲಿ ಗಡ್ಡೆ ಇತ್ತು. ಕಿಡ್ನಿ ಪೂರ್ತಿ ತೆಗೆಯುವುದಿಲ್ಲ, ಗಡ್ಡೆಯಿರುವ ಭಾಗವನ್ನಷ್ಟೇ ರೋಬೋಟಿನ ಕೈಯಿಂದ ತೆಗೆಯುತ್ತೇವೆ, ಒಳಗೆ ಹೋಗಲು ಎರಡು ದಾರಿ ಎಂದು ಬೆಂಗಳೂರಿನ ಡಾಕ್ಟರು ವಿವರಿಸಿದರು. ಹೊಟ್ಟೆಯ ಕಡೆಯಿಂದ ಹೋದರೆ ಕೈಯಾಡಿಸಲು ಜಾಗ ಜಾಸ್ತಿ, ಆದರೆ ಕರುಳನ್ನು ಪಕ್ಕಕ್ಕೆ ಸರಿಸಬೇಕು. ಬೆನ್ನಿನ ಕಡೆಯಿಂದ ಕಿಡ್ನಿ ಹತ್ತಿರ, ಜಾಗ ಮಾತ್ರ ಇಕ್ಕಟ್ಟು.

“ಹೊಟ್ಟೆ ಕಡೆಯಿಂದ್ಲೇ ಹೋಗಿ ಸಾರ್,” ಎಂದ ಮಾವ. “ಸ್ವಲ್ಪ ಸುತ್ತಾದ್ರೂ ಮೇನ್ ರೋಡೇ ಸೇಫು.”

“ಮತ್ತೆ? ಹಿತ್ಲಿಂದ ನುಗ್ಗೋಕೆ ಇವ್ರೇನ್ ಕಳ್ರಾ?” ಎಂದಳು ಅಜ್ಜಿ. ಅಮ್ಮನ ಅತ್ತೆ ಅವಳು. ಜೀವನವಿಡೀ ಪವರ್‌ಲೂಮಿನ ಸದ್ದಿನಲ್ಲಿ ಕಳೆದವಳಿಗೆ ಮೆಲ್ಲಗೆ ಮಾತಾಡಿ ಗೊತ್ತಿರಲಿಲ್ಲ.

ಡಾಕ್ಟರು ಅಮ್ಮನ ಕಡೆ ತಿರುಗಿದರು. “ಹೊಟ್ಟೆ ಮೇಲೆ ಹಳೇ ಹೊಲಿಗೆ ಗುರುತಿದೆಯಲ್ಲಮ್ಮ, ಏನಾಗಿತ್ತು?”

“ಬಿದ್ದಿದ್ದೆ.”

“ಬಿದ್ರೆ ಇಷ್ಟು ನೇರವಾಗಿ ಗಾಯ ಆಗಲ್ಲ. ಒಳಗೆ ಕರುಳು ಅಂಟ್ಕೊಂಡಿದ್ರೆ ಮುಂದಿಂದ ಹೋಗೋದು ಅಪಾಯ. ನಿಜ ಹೇಳ್ಬಿಡಿ.”

ಅಮ್ಮ ಸೆರಗೆಳೆದು ಹೊಟ್ಟೆ ಮುಚ್ಚಿಕೊಂಡಳು. ಪ್ರಾಣಕ್ಕಿಂತ ಹೆಚ್ಚಿನದು ಏನಿದೆ ಮುಚ್ಚಿಡಲು ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. “ಹೇಳಮ್ಮ!” ಎಂದು ತೋಳು ಹಿಡಿದು ಅಲ್ಲಾಡಿಸಿದೆ.

ಅಮ್ಮ ಅಜ್ಜಿಯ ಮುಖ ನೋಡದೆ ಗೋಡೆಗೆ ಹೇಳಿದಳು. ಮೂರನೆಯ ಹೆಣ್ಣಾಗಿ ನಾನು ಹುಟ್ಟಿದ ಮೇಲೆ ತವರಿಗೆ ಹೋಗಿದ್ದಾಗ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡಿದ್ದಳಂತೆ. ಒಳಗೆ ಕೀವಾಗಿ ಮತ್ತೆ ಹೊಟ್ಟೆ ಕೊಯ್ದಿದ್ದರಂತೆ. ಮಾವ ಥಟ್ಟನೆ ತಲೆಯೆತ್ತಿ ಫ್ಯಾನು ನೋಡತೊಡಗಿದ. ಅವನಿಗೂ ಗೊತ್ತಿತ್ತೆಂದು ನನಗೆ ಆಗಲೇ ತಿಳಿದಿದ್ದು.

“ಅದಾದ್ಮೇಲೂ ಗಂಡು ಮಗು ಬೇಕೂಂತ ಘಾಟಿ ದೇವಸ್ಥಾನಕ್ಕೆ ಹೋಗಿ ಒದ್ದೆ ಸೀರೇಲಿ ಪ್ರದಕ್ಷಿಣೆ ಹಾಕಿದ್ವಲ್ಲೇ! ನಿನ್ ಜೊತೆ ನಾನೂ ನಡುಗಿದ್ನಲ್ಲೇ!” ಅಜ್ಜಿಯ ದನಿಗೆ ಹೊರಗೆ ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಬಾಗಿಲಲ್ಲಿ ಇಣುಕಿದರು.

“ನೀವು ಕರೆದ್ರಿ, ಬಂದೆ ಅತ್ತೆ.”

ಡಾಕ್ಟರು ನಗು ತಡೆಯಲು ಕೆಮ್ಮಿದರು. ಗಡ್ಡೆಯೂ ಕಿಡ್ನಿಯ ಹಿಂಬದಿಯಲ್ಲೇ ಇದೆ, ಬೆನ್ನಿನ ಕಡೆಯಿಂದಲೇ ಮಾಡೋಣ ಎಂದರು. ಮಾವ ಈ ಸಲ ಆ ದಾರಿಗೇ ತಲೆಯಾಡಿಸಿದ.

ಅಮ್ಮ ಅಳುತ್ತಿದ್ದಳು. ಅಜ್ಜಿ ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು, ಸ್ವಲ್ಪ ಒರಟಾಗಿಯೇ.

“ಅವ್ರು ಹೇಳ್ದಂಗೆ ಮಾಡಿಸ್ಕೊ. ಬದುಕಿ ಮನೆಗ್ ಬಾ. ಆಮೇಲೆ ಇದೆ ನಿಂಗೆ.”