ಪ್ಯಾಕಿಂಗ್ ಮೇಷ್ಟ್ರು ಕಟ್ಟಿದ ಸೂಟ್‌ಕೇಸು

ಗಾಜಿನ ದೀಪಗಳ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಪ್ಯಾಕಿಂಗ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಮೇಜಿನ ಮುಂದೆ ನಿಂತು, ಗಾಜಿನ ಬುರುಡೆಗಳ ಸುತ್ತ ಹುಲ್ಲು ತುರುಕಿ ಪೆಟ್ಟಿಗೆ ಕಟ್ಟಿದವರು. ಮಾಲೀಕರಿಲ್ಲದಿದ್ದರೂ ಕಾರ್ಖಾನೆ ನಡೆದೀತು, ತಾವು ಎರಡು ದಿನ ರಜಾ ಹಾಕಿದರೆ ಮುಳುಗಿಯೇ ಹೋದೀತು ಎಂದು ಅವರು ನಂಬಿದ್ದರು. ಮಾಲೀಕರನ್ನೂ ಹಾಗೇ ನಂಬಿಸಿದ್ದರು.

ಅವರ ಹೆಚ್ಚುಗಾರಿಕೆ ಇದ್ದದ್ದು ಗಂಟಿನಲ್ಲಿ. ಎಡಗೈಯವರಾದ್ದರಿಂದ ಸೆಣಬಿನ ಹುರಿಗೆ ಅವರು ಹಾಕಿದ ಗಂಟು ಎಡಕ್ಕೆ ತಿರುಗಿ, ತುದಿ ಒಳಗೆ ಅಡಗಿ ಕೂರುತ್ತಿತ್ತು. ಒಮ್ಮೆ ಒಬ್ಬ ವ್ಯಾಪಾರಿ "ಬಿಚ್ಚೇ ಇಲ್ಲ ಸ್ವಾಮಿ, ಬಂದಾಗಲೇ ಒಡೆದಿತ್ತು" ಎಂದು ಪೆಟ್ಟಿಗೆ ವಾಪಸ್ ತಂದ. ಮೇಷ್ಟ್ರು ಕನ್ನಡಕ ಏರಿಸಿ ಒಂದು ಸಲ ನೋಡಿದರು. "ಬಿಚ್ಚಿದೀಯ, ಕಟ್ಟಿದೀಯ. ಈ ಗಂಟು ನನ್ನದಲ್ಲ." ವ್ಯಾಪಾರಿ ಪೆಟ್ಟಿಗೆ ಎತ್ತಿಕೊಂಡು ನಡೆದ. ಆ ಕಥೆಯನ್ನು ಅವರು ಇಲ್ಲಿಯವರೆಗೆ ಎಷ್ಟು ಸಲ ಹೇಳಿದ್ದಾರೋ ಅವರ ಅಕ್ಕನಿಗೇ ಗೊತ್ತು. ಪಾಪ, ಜೊತೆಯಲ್ಲೇ ಇರುವವಳು, ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಸಮುದ್ರವನ್ನು ಮೇಷ್ಟ್ರು ಕಣ್ಣಾರೆ ಕಂಡವರಲ್ಲ. ಆದರೆ ಅದರ ಚಾಳಿಯೆಲ್ಲ ಬಲ್ಲವರು. ಕಡಲ ತೀರದ ಊರುಗಳಿಂದ ವಾಪಸ್ ಬಂದ ಪೆಟ್ಟಿಗೆಗಳ ಚೀಟಿ ಕಿತ್ತು ಬಂದಿರುತ್ತಿತ್ತು, ಮೊಳೆಗೆ ತುಕ್ಕು, ಹುಲ್ಲಿಗೆ ಬೂಷ್ಟು. "ಅಲ್ಲಿ ನೀರು ನೆಲದ ಮೇಲೆ ಇರಲ್ಲ ಕಣ್ರೋ, ಗಾಳಿಯಲ್ಲಿ ಬಚ್ಚಿಟ್ಟುಕೊಂಡು ಓಡಾಡುತ್ತೆ" ಎಂದು ಹೊಸಬರಿಗೆ ಪಾಠ ಹೇಳುವರು. ಹೆಂಡತಿಗೂ ಪ್ರತಿ ವರ್ಷ ಸಮುದ್ರ ತೋರಿಸುತ್ತೇನೆ ಎಂದದ್ದುಂಟು. ಆದರೆ ಪ್ರತಿ ವರ್ಷವೂ ಅದೇ ಹೊತ್ತಿಗೆ ಒಂದು ದೊಡ್ಡ ಲೋಡು. "ಇದೊಂದು ಹೋಗಲಿ, ಆಮೇಲೆ ನಾವು." ಒಂಬತ್ತು ಲೋಡು ಹೋದ ಮೇಲೆ ಹೆಂಡತಿಯೇ ಹೋದಳು. ಮಗಳು ಪುಟ್ಟಿಯನ್ನು ಕರೆದುಕೊಂಡು, ಸಕ್ರಮವಾಗಿ, ಕಾಗದ ಪತ್ರದ ಸಮೇತ. ಈಗ ಪುಟ್ಟಿಯ ಅಮ್ಮನ ಗಂಡ ಒಬ್ಬ ಹಲ್ಲಿನ ಡಾಕ್ಟರು. ಪುಟ್ಟಿ ಭಾನುವಾರಕ್ಕೊಮ್ಮೆ ಅಪ್ಪನ ಮನೆಗೆ ಬರುತ್ತಾಳೆ.

ಆ ಹಲ್ಲಿನ ಡಾಕ್ಟರಿಗೆ ಯಾವ ಲೋಡೂ ಇರಲಿಲ್ಲವೆಂದು ಕಾಣುತ್ತದೆ. ಈ ಬೇಸಿಗೆಗೆ ಹತ್ತು ದಿನ ಸಮುದ್ರಕ್ಕೆ ಹೋಗುವುದೆಂದು ಪುಟ್ಟಿಯ ಅಮ್ಮ ಫೋನು ಮಾಡಿ ತಿಳಿಸಿದಳು.

"ಪುಟ್ಟಿ ಸೂಟ್‌ಕೇಸು ನಾನೇ ಕಟ್ಟಿ ಕಳಿಸ್ತೀನಿ" ಎಂದರು ಮೇಷ್ಟ್ರು.

"ಬೇಡ ಕಣ್ರೀ, ಇಲ್ಲಿ ಎಲ್ಲಾ ಆಗಲೇ—"

"ನಿಂಗೆ ಅಲ್ಲಿನ ಗಾಳಿ ಗೊತ್ತಿಲ್ಲ" ಎಂದು ಫೋನಿಟ್ಟರು.

ಒಂದು ವಾರ ಮನೆ ಕಾರ್ಖಾನೆಯಾಯಿತು. ಹತ್ತಿಯ ಫ್ರಾಕುಗಳು ಆರು, ಅಗಲ ಅಂಚಿನ ಟೋಪಿ ಒಂದು, ಬೆವರುಸಾಲೆಗೆ ಪೌಡರು. ಅಂಗಡಿಯವಳ ಮುಂದೆ ನಾಚಿ ನೀರಾಗಿ ತಂದ ಹಸಿರು ಈಜುಡುಗೆ. ಒಂದೊಂದನ್ನೂ ಸುರುಳಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಜೊತೆಗೆ ಕಾರ್ಖಾನೆಯಿಂದ ಕೇಳಿ ತಂದ ಪೊಟ್ಟಣ ಇಟ್ಟರು. ತೇವ ಹೀರುವ ನೀಲಿ ಮಣಿಗಳ ಪೊಟ್ಟಣ.

"ತೇವ ತಾಗಿದರೆ ಇವು ಗುಲಾಬಿ ಬಣ್ಣಕ್ಕೆ ತಿರುಗ್ತವೆ ಪುಟ್ಟಿ. ಆಗ ತೆಗೆದು ಬಿಸಿಲಿಗೆ ಹಾಕಬೇಕು."

"ಅಯ್ಯೋ ಮಾರಾಯ, ಮಗು ಹೋಗ್ತಿರೋದು ಆಟ ಆಡೋಕೆ. ಮಣಿ ಕಾಯೋಕಲ್ಲ" ಎಂದಳು ಅಕ್ಕ. "ಮಗೂನೂ ಹುಲ್ಲಲ್ಲಿ ಸುತ್ತಿಬಿಡು, ಒಡೆಯಲ್ಲ."

ಪುಟ್ಟಿ ನಗಲಿಲ್ಲ. ಹತ್ತು ವರ್ಷದ ಹುಡುಗಿ ಅಪ್ಪನ ಕೈಯನ್ನೇ ನೋಡುತ್ತಿದ್ದಳು. "ಅಪ್ಪಾ, ನೀನೂ ಬರಬಹುದಿತ್ತಲ್ವಾ?"

ಮೇಷ್ಟ್ರು ಸೂಟ್‌ಕೇಸನ್ನು ಎತ್ತಿ ಅಲ್ಲಾಡಿಸಿದರು. ಸದ್ದಿಲ್ಲ. "ನಾನು ಇದರೊಳಗೇ ಇದೀನಲ್ಲಮ್ಮ" ಎಂದರು, ತಮಾಷೆಗೆಂಬಂತೆ. ಆಮೇಲೆ ಜಿಪ್ಪಿನ ಮೇಲೆ ನಂಬಿಕೆ ಸಾಲದೆ ಸುತ್ತಲೂ ಸೆಣಬಿನ ಹುರಿ ಬಿಗಿದು ಗಂಟು ಹಾಕಿದರು.

ಆ ಹತ್ತು ದಿನ ಅವರು ಕಾರ್ಖಾನೆಯಲ್ಲಿ ಕಂಡಕಂಡವರಿಗೆ ಹವಾಮಾನ ವರದಿ ಒಪ್ಪಿಸಿದರು. ಈಗ ಟೋಪಿ ಹಾಕಿಕೊಂಡಿರುತ್ತಾಳೆ, ಈಗ ಪೌಡರು. ಊಟದ ಹೊತ್ತಿಗೆ ಕೈ ತೊಳೆಯುವಾಗ ಸುಮ್ಮನೆ ನಿಂತುಬಿಡುವರು. ಹಸಿರು ಉಡುಗೆಯ ಹುಡುಗಿಯೊಬ್ಬಳು ನಲ್ಲಿಯ ನೀರಿನಲ್ಲಿ ಹಾಯ್ದುಹೋದಂತಾಗುತ್ತಿತ್ತು. ತಾವು ಕೊಡಿಸದ ಸಮುದ್ರದಲ್ಲಿ ತಾವು ಕಟ್ಟಿದ್ದಾದರೂ ಅವಳ ಮೈಮೇಲಿದೆಯಲ್ಲ. ಅಷ್ಟು ಸಾಕೆಂದುಕೊಂಡಿದ್ದರು.

ಹನ್ನೊಂದನೆಯ ದಿನ ಬೆಳಿಗ್ಗೆ ಮನೆಯ ಗೇಟಿನ ಮುಂದೆ ಕಾರು ನಿಂತಿತು. ಪುಟ್ಟಿ ಕಪ್ಪಾಗಿದ್ದಳು, ಮೂಗಿನ ಸಿಪ್ಪೆ ಸುಲಿದಿತ್ತು. ಮೈಮೇಲೆ ಅವರೆಂದೂ ಕಾಣದ ಹಳದಿ ಫ್ರಾಕು. ಸೂಟ್‌ಕೇಸನ್ನು ಎರಡು ಕೈಯಲ್ಲೂ ಎಳೆದು ತಂದಳು. ಮೇಷ್ಟ್ರು ಓಡಿ ಹೋಗಿ ಹಿಡಿಯನ್ನು ಹಿಡಿದರು. ಕಣ್ಣು ಹುರಿಯ ಮೇಲೆ ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದು, ಅವರೇನು ಬೇಕೆಂದು ನೋಡಿದ್ದಲ್ಲ.

ಗಂಟು ಎಡಕ್ಕೆ ತಿರುಗಿತ್ತು. ತುದಿ ಒಳಗೆ ಅಡಗಿತ್ತು.

ಅಕ್ಕನೂ ನೋಡಿದಳು. ಇಷ್ಟು ವರ್ಷ ಆ ಕಥೆ ಕೇಳಿದವಳಲ್ಲವೇ. "ಅಲ್ವೋ, ಇದು ನಿಂದೇ..." ಎಂದು ಬಾಯಿ ತೆರೆದವಳಿಗೆ ಮೇಷ್ಟ್ರು ಕಣ್ಣಲ್ಲೇ ಬೇಡವೆಂದರು.

"ಹೇಗಿತ್ತಮ್ಮ ಬಟ್ಟೆಯೆಲ್ಲ?"

"ಎಲ್ಲಾನೂ ಹಾಕ್ಕೊಂಡೆ ಅಪ್ಪ!" ಪುಟ್ಟಿ ಒಂದೇ ಉಸಿರಿಗೆ ಹೇಳಿದಳು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವಳಂತೆ. "ಹಸಿರುದು ದಿನಾ ಹಾಕ್ಕೊಂಡೆ. ಸರಿಯಾಗಿ ಕೂತ್ಕೊಳ್ತು. ಟೋಪಿ ನೋಡಿ ಎಲ್ಲರೂ ಚೆನ್ನಾಗಿದೆ ಅಂದ್ರು."

"ಮಣಿ?"

"ಒಂದೂ ಗುಲಾಬಿ ಆಗ್ಲಿಲ್ಲ! ನೀನು ಕಟ್ಟಿದ್ದು ಅಂದ್ರೆ ಸುಮ್ನೇನಾ?"

ಆ ಗಾಳಿಗೆ ಒಮ್ಮೆ ಬಿಚ್ಚಿದ ಪೊಟ್ಟಣ ಒಂದು ದಿನವೂ ತಡೆಯುವುದಿಲ್ಲ. ಇದು ಕಾರ್ಖಾನೆಯ ಕಸ ಗುಡಿಸುವವನಿಗೂ ಗೊತ್ತು. ಮೇಷ್ಟ್ರು ಎದೆಯುಬ್ಬಿಸಿದರು. "ಮತ್ತೆ? ಯಾರು ಅಂದುಕೊಂಡೆ ನಿಮ್ಮಪ್ಪನ್ನ!"

ಪುಟ್ಟಿಯನ್ನು ಅಕ್ಕ ಸ್ನಾನಕ್ಕೆ ಕರೆದೊಯ್ದಳು. ಮೇಷ್ಟ್ರು ಸೂಟ್‌ಕೇಸನ್ನು ಹಿತ್ತಿಲಿಗೆ ಒಯ್ದು ಕೂತರು. ಹುರಿಯನ್ನು ಕತ್ತರಿಸಲು ಮನಸ್ಸು ಬರದೆ ಉಗುರಿನಲ್ಲೇ ಬಿಡಿಸಿದರು. ತಮ್ಮ ಗಂಟು ಬಿಚ್ಚುವುದು ಇಷ್ಟು ಕಷ್ಟವೆಂದು ಅವರಿಗೂ ಗೊತ್ತಿರಲಿಲ್ಲ. ಒಳಗಿನಿಂದ ಬಂದದ್ದು ತಮ್ಮದೇ ಬೀರುವಿನ ವಾಸನೆ. ಸುರುಳಿ ಸುರುಳಿಯಾಗಿಯೇ ಇತ್ತು. ಮಣಿಗಳು ನೀಲಿಯಾಗಿಯೇ ಇದ್ದವು. ಕಡಲ ತೀರಕ್ಕೆ ಹೋದ ಅವರ ಪೆಟ್ಟಿಗೆಯೊಂದು ಇಷ್ಟು ಕ್ಷೇಮವಾಗಿ ವಾಪಸ್ ಬಂದದ್ದು ಇದೇ ಮೊದಲು.

ಆಮೇಲೆ ಎದ್ದು ಬಕೆಟ್ಟಿಗೆ ನೀರು ಬಿಟ್ಟರು. ಫ್ರಾಕುಗಳನ್ನು ಒಂದೊಂದಾಗಿ ಚೀಲದಿಂದ ತೆಗೆದು, ಬೆಲೆ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, ನೆನೆಸಿ, ಹಿಂಡಿ, ತಂತಿಯ ಮೇಲೆ ಹರವಿದರು. ದಿನಾ ಹಾಕಿಕೊಂಡ ಬಟ್ಟೆ ಒಗೆಯದೆ ಬಿಟ್ಟರೆ ನೋಡಿದವರು ಏನಂದಾರು? ಕೊನೆಗೆ ಹಸಿರು ಈಜುಡುಗೆಯನ್ನು ಮುಳುಗಿಸಿದರು. ಅದು ಬಕೆಟ್ಟಿನಲ್ಲಿ ಉಬ್ಬಿ ತೇಲಿತು.

ಒದ್ದೆ ತಲೆಯ ಪುಟ್ಟಿ ಬಾಗಿಲಲ್ಲಿ ಬಂದು ನಿಂತಳು. ತಂತಿಯನ್ನು ನೋಡಿದಳು, ಖಾಲಿ ಸೂಟ್‌ಕೇಸನ್ನು ನೋಡಿದಳು, ಪಕ್ಕದಲ್ಲಿ ಬಿಚ್ಚಿಟ್ಟ ಹುರಿಯನ್ನು ನೋಡಿದಳು. ಮುಖ ಸಣ್ಣದಾಯಿತು.

"ತುಂಬಾ... ತುಂಬಾ ಕೊಳೆ ಆಗಿತ್ತಾ ಅಪ್ಪ?"

"ಅಯ್ಯೋ, ಕೇಳಬೇಡ" ಎಂದರು ಮೇಷ್ಟ್ರು, ತಲೆಯೆತ್ತದೆ. "ಬರೀ ಮರಳು."

ಪುಟ್ಟಿ ಮೆಟ್ಟಿಲಿಳಿದು ಬಂದು ಹಸಿರು ಉಡುಗೆಯ ಇನ್ನೊಂದು ತುದಿ ಹಿಡಿದುಕೊಂಡಳು. ಅವಳು ಬಲಕ್ಕೆ, ಅವರು ಎಡಕ್ಕೆ, ಇಬ್ಬರೂ ಸೇರಿ ಅದನ್ನು ಹಿಂಡಿದರು.